ಕಾವೇರಿಗಾಗಿ ಅತ್ತವರು

ಪುಟ್ಟಣ್ಣ ಕಣಗಾಲರನ್ನು ಹೊಗಳುವವರದು ಒಂದೇ ಮಾತು: ‘ಹೆಣ್ಣಿನ ಮನಸ್ಸನ್ನು ಅರಿತ ನಿರ್ದೇಶಕ.’ ತೆಗಳುವವರದೂ ಒಂದೇ ಮಾತು: ‘ಅವರ ನಾಯಕಿಯರಿಗೆ ಹುಚ್ಚು ಹಿಡಿಯುತ್ತದೆ, ಇಲ್ಲವೇ ಸಾವು ಬರುತ್ತದೆ.’ ನನ್ನ ಜಗಳ ಇಬ್ಬರೊಡನೆಯೂ ಇದೆ.

1971ರ ‘ಶರಪಂಜರ’ವನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ನಂತರ, ಅಣ್ಣಿಗೇರಿಯಲ್ಲಿ, ನೆರೆಮನೆಯ ಟಿ.ವಿ. ಮುಂದೆ ಓಣಿಯ ಹೆಂಗಸರೊಡನೆ ಚಾಪೆಯ ಮೇಲೆ ಕುಳಿತು. ಗುಣವಾಗಿ ಮನೆಗೆ ಬಂದ ಕಾವೇರಿ ಮತ್ತೆ ಆಸ್ಪತ್ರೆಗೇ ಹೊರಟಾಗ ಎಲ್ಲರ ಸೆರಗೂ ತೊಯ್ದಿತ್ತು. ಮುಂದಿನ ಶ್ರಾವಣಕ್ಕೆ ಅದೇ ಓಣಿಗೆ ಒಬ್ಬಾಕೆ ಧಾರವಾಡದ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದಳು. ಶುಕ್ರವಾರದ ಅರಿಷಿಣ-ಕುಂಕುಮಕ್ಕೆ ಆಕೆಯನ್ನೂ ಕರೆಯೋಣವೆಂದೆ. “ಬ್ಯಾಡವಾ, ಆಕಿ ಕೈಯಾಗ ಆರತಿ ತಾಟ ಹ್ಯಾಂಗ ಕೊಡೂದು?” ಎಂದರು, ಅಂದು ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಕಾಕು. ನಾನೂ ಸುಮ್ಮನಾದೆ. ಬಿ.ಎ., ಬಿ.ಎಡ್. ಓದಿದವಳು, ಸುಮ್ಮನಾದೆ. ಶ್ರಾವಣ ಮುಗಿಯಿತು, ತವರಿಗೆ ಹೋದ ಆಕೆ ತಿರುಗಿ ಬರಲಿಲ್ಲ.

ತೆಗಳುವವರೇ, ಈಗ ಹೇಳಿ, ಕಾವೇರಿಯನ್ನು ಮತ್ತೆ ಅಲ್ಲಿಗೆ ಅಟ್ಟಿದವರು ಪುಟ್ಟಣ್ಣನೇ? ‘ಗೆಜ್ಜೆಪೂಜೆ’ಯ ಚಂದ್ರಾ ಜೀವ ಬಿಟ್ಟದ್ದು ನಿರ್ದೇಶಕನ ಹಟಕ್ಕೋ, ಹುಟ್ಟಿದ ಮನೆಯ ಹೆಸರು ಹಿಡಿದು ದೂರವಿಟ್ಟ ಊರಿನ ಹಟಕ್ಕೋ?

ಇನ್ನು ಹೊಗಳುವವರು. ಹೆಣ್ಣಿನ ಮನಸ್ಸು ಅವರಿಗೆ ತಿಳಿದದ್ದು ಎಲ್ಲಿಂದ? ‘ಬೆಳ್ಳಿಮೋಡ’, ‘ಶರಪಂಜರ’ ತ್ರಿವೇಣಿಯವರವು; ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು, ‘ಶುಭಮಂಗಳ’ ವಾಣಿಯವರದು. ಹೆಂಗಸರು ಅಡುಗೆಮನೆಯ ಪಕ್ಕ ಕುಳಿತು ಬರೆದದ್ದನ್ನು ಗಂಡಸೊಬ್ಬ ಮನಸ್ಸಿಟ್ಟು ಓದಿದ. ಆತನ ದೊಡ್ಡಸ್ತಿಕೆ ಅದು, ಸಣ್ಣದಲ್ಲ. ಆದರೆ ತ್ರಿವೇಣಿ 1963ರಲ್ಲೇ ತೀರಿಕೊಂಡರು. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಕಾಣಲಿಲ್ಲ. ಚಿತ್ರದ ಮಾತು ಬಂದಾಗ ಅವರ ಹೆಸರನ್ನೂ ಎತ್ತಬೇಕಲ್ಲವೇ?

ಇನ್ನೊಂದು ಮಾತು. 1967ರ ‘ಬೆಳ್ಳಿಮೋಡ’ ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟವನು ಪಶ್ಚಾತ್ತಾಪಪಟ್ಟು ಕೈ ಚಾಚಿದಾಗ ಅದರ ಇಂದಿರೆ ‘ಒಲ್ಲೆ’ ಎನ್ನುತ್ತಾಳೆ. ಹುಚ್ಚೂ ಇಲ್ಲ, ಸಾವೂ ಇಲ್ಲ. ಆಕೆಯನ್ನು ಯಾರು ನೆನೆಯುತ್ತಾರೆ? ನಮಗೆ ಬೇಕಾದದ್ದು ಅಳಿಸುವ ಕಾವೇರಿ, ಬೇಡವೆಂದ ಇಂದಿರೆಯಲ್ಲ.

1985ರಲ್ಲಿ ಪುಟ್ಟಣ್ಣ ತೀರಿಕೊಂಡರು. ಅವರ ಚಿತ್ರಗಳು ಇಂದಿಗೂ ನಮ್ಮನ್ನು ಅಳಿಸುತ್ತವೆ. ಅಕ್ಕಂದಿರೇ, ಮುಂದಿನ ಸಲ ‘ಶರಪಂಜರ’ ನೋಡುವಾಗ ಕಾವೇರಿಯನ್ನಷ್ಟೇ ನೋಡಬೇಡಿ. ಆಕೆಯ ಸುತ್ತಲಿನ ಮುಖಗಳನ್ನೂ ನೋಡಿ. ಅಲ್ಲಿ ನಾನಿದ್ದೇನೆ. ನೀವೂ ಇರಬಹುದು. ನಿಮ್ಮ ಓಣಿಯಲ್ಲಿ ಅಂಥ ಒಬ್ಬಳಿದ್ದರೆ ಕಣ್ಣೀರು ಬೇಡ, ಈ ಶುಕ್ರವಾರ ಕುಂಕುಮಕ್ಕೆ ಕರೆಯಿರಿ. ಆರತಿ ತಾಟನ್ನು ಆಕೆಯ ಕೈಗೇ ಕೊಡಿ.