ಶೀಲ್ಡಿಗೆ ಚಂದಾ ಐತಿ, ಮ್ಯಾಟಿಗೆ ಯಾಕಿಲ್ಲ?

ಪರೀಕ್ಷೆ ಮುಗಿದು ಬಿಸಿಲು ಏರಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಊರಿನ ಅಂಗಡಿಕಾರರಿಗೆ ಎರಡು ಖರ್ಚು ತಪ್ಪಿದ್ದಲ್ಲ. ಒಂದು, ಟೆನಿಸ್ ಬಾಲ್ ಟೂರ್ನಮೆಂಟಿನ ರಸೀದಿ ಪುಸ್ತಕ ಹಿಡಿದು ಬರುವ ಹುಡುಗರ ಚಂದಾ. "ಸಾವ್ಕಾರ್ರ, ಈ ಸಲ ಫಸ್ಟ್ ಪ್ರೈಜ್ ನಿಮ್ಮ ಹೆಸರ್ಲೇ ಇಡ್ತೀವ್ರಿ" ಎಂದರೆ ಗಲ್ಲಾಪೆಟ್ಟಿಗೆ ತೆರೆಯಲೇಬೇಕು. ಇನ್ನೊಂದು, ಮನೆಯ ಹುಡುಗನ ಬೇಸಿಗೆ ಕೋಚಿಂಗ್ ಫೀ. ಐಪಿಎಲ್ ನೋಡಿ ಬ್ಯಾಟು ಹಿಡಿದವನು "ಯಪ್ಪಾ, ನನ್ನೂ ಕ್ಯಾಂಪಿಗೆ ಹಚ್ಚು" ಎಂದು ಹಟ ಹಿಡಿದು ಕೂತರೆ ಅಪ್ಪನಾದವನು ಏನು ಮಾಡಿಯಾನು?

ರೊಕ್ಕ ಹೋಗುವುದು ಹೋಗಲಿ. ಹುಡುಗ ಆಟ ಕಲಿತನೇ? ಕೇಳಬೇಕಾದ ಪ್ರಶ್ನೆ ಇದು.

ಮೂರು ತಾಸಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಂದು ನೆಟ್, ಇಪ್ಪತ್ತು ಹುಡುಗರು, ದಿನಕ್ಕೆ ಎರಡು ತಾಸು ಎಂದು ಹಿಡಿಯೋಣ. ಒಬ್ಬೊಬ್ಬನ ಪಾಲಿಗೆ ಬ್ಯಾಟಿಂಗ್ ಸಿಗುವುದು ಆರು ನಿಮಿಷ. ಮೂವತ್ತು ದಿನ ಒಂದೂ ತಪ್ಪದೆ ಹೋದರೂ ಹುಡುಗ ಬ್ಯಾಟ್ ಹಿಡಿದು ನಿಂತದ್ದು ಒಟ್ಟು ಮೂರು ತಾಸು. ಅಂದರೆ ಒಂದು ಸಿನಿಮಾ ನೋಡಿದಷ್ಟು ಹೊತ್ತು! ಜೂನ್ ಬಂತು, ಶಾಲೆ ಶುರುವಾಯಿತು, ಬ್ಯಾಟು ಅಟ್ಟ ಸೇರಿತು. ಮುಂದಿನ ಬೇಸಿಗೆಗೆ ಮತ್ತೆ ಮೊದಲಿನಿಂದ ಅ ಆ ಇ ಈ. ಇದರಲ್ಲಿ ಕಲಿಸುವವರ ತಪ್ಪೂ ಇಲ್ಲ, ಹುಡುಗನ ತಪ್ಪೂ ಇಲ್ಲ. ತಿಂಗಳಿನಲ್ಲಿ ಬರುವ ವಿದ್ಯೆ ಇದಲ್ಲ, ಅಷ್ಟೇ.

ಎರಡನೆಯದು ಚೆಂಡಿನ ಮಾತು. ಟೆನಿಸ್ ಚೆಂಡು ಅರವತ್ತು ಗ್ರಾಮಿನ ಒಳಗೆ ತೂಗುತ್ತದೆ. ಕ್ರಿಕೆಟ್‌ನ ಲೆದರ್ ಚೆಂಡು 156ರಿಂದ 163 ಗ್ರಾಂ. ಟೆನಿಸ್ ಚೆಂಡನ್ನು ಅಡ್ಡಬ್ಯಾಟಿನಿಂದ ಬೀಸಿದರೂ ಕಾಂಪೌಂಡು ದಾಟುತ್ತದೆ, ಮೈಕಿನವನು ಹೆಸರು ಕೂಗುತ್ತಾನೆ, ಚಪ್ಪಾಳೆ ಬೀಳುತ್ತವೆ. ಅದೇ ಬೀಸು ಲೆದರ್ ಚೆಂಡಿಗೆ ಹಾಕಿದರೆ ಸ್ಟಂಪು ಹಾರುತ್ತದೆ. ಯಾಕೆಂದರೆ ಆ ಚೆಂಡಿಗೆ ಹೊಲಿಗೆ ಇದೆ. ಗಾಳಿಯಲ್ಲಿ ವಾಲುತ್ತದೆ, ನೆಲಕ್ಕೆ ಬಿದ್ದು ಒಳಗೋ ಹೊರಗೋ ಹೊರಳುತ್ತದೆ. ಅದನ್ನು ಆಡಲು ಬ್ಯಾಟು ನೆಟ್ಟಗೆ ಬರಬೇಕು, ಕಾಲು ಚೆಂಡಿನ ಹತ್ತಿರ ಹೋಗಬೇಕು. ಕಾಲಿಗೆ ಈ ರೂಢಿ ಹತ್ತಲು ವರ್ಷಗಳು ಬೇಕು.

ವಯಸ್ಸು ಕಾಯುವುದಿಲ್ಲ

ವರ್ಷಗಳ ಮಾತು ಬಂದಾಗಲೇ ನಮ್ಮ ಹುಡುಗರಿಗೆ ಪೆಟ್ಟು ಬೀಳುವುದು. ಹದಿನಾರರ ಒಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, ಹತ್ತೊಂಬತ್ತರ ಒಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ. ರಾಜ್ಯ ತಂಡದ ಮೆಟ್ಟಿಲುಗಳು ಇವು. ಬೆಂಗಳೂರಿನ ಹುಡುಗ ಎಂಟೊಂಬತ್ತು ವರ್ಷಕ್ಕೇ ಪ್ಯಾಡು ಕಟ್ಟುತ್ತಾನೆ. ನಮ್ಮವನು ಪಿಯುಸಿಗೆ ಬಂದ ಮೇಲೆ ಮೊದಲ ಸಲ ಲೆದರ್ ಚೆಂಡು ಮುಟ್ಟಿದರೆ ಮೊದಲ ಮೆಟ್ಟಿಲು ಆಗಲೇ ದಾಟಿಹೋಗಿರುತ್ತದೆ. ಇನ್ನೊಂದು ಸಂಗತಿ: 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು, ಆದರೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಪಟ್ಟಿಯಲ್ಲಿ ನಾವು ಈಗಲೂ ರಾಯಚೂರು ವಲಯದವರೇ. ಆಯ್ಕೆ ಯಾವಾಗ, ಎಲ್ಲಿ ಎಂಬ ಸುದ್ದಿ ಯಲಬುರ್ಗಾದ ಹಳ್ಳಿ ಶಾಲೆಯ ಹುಡುಗನಿಗೆ ಮುಟ್ಟಿಸುವವರು ಯಾರು?

"ಹಂಗಾರ ನಮ್ಮ ಕಡೆಯವ್ರಿಗೆ ಇದು ಆಗೂ ಮಾತಲ್ಲೇನ್ರೀ?" ಎಂದು ಯಾರಾದರೂ ಕೇಳಿದರೆ, ಅವರಿಗೆ ಪಕ್ಕದ ಗದಗಿನ ಸುನಿಲ್ ಜೋಶಿಯವರನ್ನು ತೋರಿಸಬೇಕು. ಶಾಲೆಯ ಹುಡುಗನಾಗಿದ್ದಾಗ ಅವರು ಬೆಳಿಗ್ಗೆ ಎದ್ದು ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ತಿರುಗಿ ಗದಗಿಗೆ ಬಂದು ಶಾಲೆಗೆ ಕೂರುತ್ತಿದ್ದರು. ಆ ಹುಡುಗನೇ 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತ. ಕುಷ್ಟಗಿಯಿಂದ ಬಸ್ ಹತ್ತಿ ಉತ್ತರಕ್ಕೆ ಹೋದರೆ ವಿಜಯಪುರ. ಅಲ್ಲಿಯ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್ಲಿಗೆ ಒಯ್ದರು. ಹೆಣ್ಣು ಹುಡುಗಿಗೆ ಯಾಕೆ ಬ್ಯಾಟು-ಚೆಂಡು ಎನ್ನುವವರು ಇದನ್ನು ನೆನಪಿಡಲಿ.

ಕೊಪ್ಪಳದಿಂದ ಗದಗಕ್ಕೆ ಇರುವುದೂ ಅರವತ್ತು ಕಿಲೋಮೀಟರಿನ ಆಸುಪಾಸು. 2019ರಲ್ಲಿ ಗಂಗಾವತಿಗೆ ರೈಲು ಬಂತು, 2025ರಲ್ಲಿ ಕುಷ್ಟಗಿಗೂ ಬಂತು. ದಾರಿ ಮೊದಲಿನಷ್ಟು ಕಷ್ಟವಲ್ಲ. ಆದರೆ ಎಲ್ಲ ಹುಡುಗರೂ ನಸುಕಿನಲ್ಲೆದ್ದು ಊರು ಬಿಡಲಿ ಎನ್ನುವುದು ನ್ಯಾಯವೂ ಅಲ್ಲ. ಊರಲ್ಲೇ ಒಂದು ವ್ಯವಸ್ಥೆ ಬೇಕು.

ಏನು ಮಾಡಬಹುದು?

ಹುಲ್ಲಿನ ಟರ್ಫ್ ಪಿಚ್ ಬೇಡ. ಅದಕ್ಕೆ ಬೇಕಾದ ಜಿಗುಟು ಎರಿಮಣ್ಣು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ, ನಿಜ. ಆದರೆ ತಪ್ಪದೆ ನೀರು ಹಾಕಬೇಕು, ರೋಲರ್ ಎಳೆಯಬೇಕು. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಕುಷ್ಟಗಿ, ಯಲಬುರ್ಗಾದಲ್ಲಿ ಅದು ನಡೆಯದ ಮಾತು. ಇಪ್ಪತ್ತೆರಡು ಗಜದ ಸಿಮೆಂಟ್ ಕಟ್ಟೆ, ಮೇಲೊಂದು ಮ್ಯಾಟು, ಸುತ್ತ ನೆಟ್ಟು. ತಾಲೂಕಿಗೆ ಇಷ್ಟಾದರೆ ವರ್ಷವಿಡೀ ಸಂಜೆ ಪ್ರಾಕ್ಟೀಸು ನಡೆಯುತ್ತದೆ. ಟೂರ್ನಮೆಂಟ್ ಚಂದಾ ಈಗ ಶಾಮಿಯಾನಾ, ಮೈಕು, ಆಳೆತ್ತರದ ಶೀಲ್ಡಿಗೆ ಹೋಗುತ್ತಿದೆ. ಅಂಗಡಿಕಾರರು ಒಂದು ಮಾತು ಹಾಕಿದರೆ ಸಾಕು: "ಶೀಲ್ಡ್ ಸಣ್ಣದು ಮಾಡ್ರಪ್ಪಾ, ಉಳಿದದ್ದು ಮ್ಯಾಟಿಗೆ ಇಡ್ರಿ." ರಸೀದಿ ಹರಿಯುವ ಹುಡುಗರು ಕೇಳಲೇಬೇಕಾಗುತ್ತದೆ.

ಫೀ ಕಟ್ಟುವ ಅಪ್ಪಂದಿರು ಮೂರು ಪ್ರಶ್ನೆ ಕೇಳಲಿ. ಒಂದು ನೆಟ್ಟಿಗೆ ಎಷ್ಟು ಹುಡುಗರು? ಚೆಂಡು ಯಾವುದು, ಹೆಲ್ಮೆಟ್ ಇದೆಯೋ ಇಲ್ಲವೋ? ಜೂನ್ ನಂತರವೂ ನಡೆಯುತ್ತದೆಯೇ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ರೊಕ್ಕ ಎಣಿಸಲಿ.

ಮನೆಯಲ್ಲಿ ಮಾಡುವ ಕೆಲಸಕ್ಕೆ ಖರ್ಚೇ ಇಲ್ಲ. ಹಳೇ ಕಾಲುಚೀಲದಲ್ಲಿ ಚೆಂಡು ಹಾಕಿ ಬೇವಿನ ಟೊಂಗೆಗೆ ಕಟ್ಟಿ, ನೆಟ್ಟಗಿನ ಬ್ಯಾಟಿನಿಂದ ದಿನಾ ನೂರು ಸಲ ಹೊಡೆಯಲಿ. ಸ್ಪಿನ್ ಹಾಕುವವನು ನೆಲದ ಮೇಲೆ ಕರವಸ್ತ್ರ ಹಾಸಿ ಅದರ ಮೇಲೇ ಚೆಂಡು ಬೀಳಿಸಲಿ. ಆಸ್ಟ್ರೇಲಿಯದ ಬ್ರಾಡ್‌ಮನ್ ಹುಡುಗನಾಗಿದ್ದಾಗ ಮನೆಯ ನೀರಿನ ಟ್ಯಾಂಕಿನ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಬರೀ ಸ್ಟಂಪಿನಿಂದ ಹೊಡೆಯುತ್ತಿದ್ದ. ದೊಡ್ಡವನಾದ ಮೇಲೆ ಟೆಸ್ಟಿನಲ್ಲಿ ಅವನ ಸರಾಸರಿ 99.94.

ಎಲ್ಲರೂ ಜೋಶಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಆಗಬಲ್ಲ ಒಬ್ಬ ಹುಡುಗ ಈ ಹೊತ್ತು ಯಾವುದೋ ಬಯಲಿನಲ್ಲಿ ಟೆನಿಸ್ ಚೆಂಡು ಬೀಸುತ್ತ ವಯಸ್ಸು ಕಳೆಯುತ್ತಿರಬಹುದು. ಮುಂದಿನ ಸಲ ಚಂದಾ ಕೊಡುವ ಮುಂಚೆ ಅವನನ್ನು ಒಮ್ಮೆ ನೆನೆದರೆ ಆಯಿತು.