ಗುಡಾರ ಬೆಟ್ಟದ ಮೇಲಲ್ಲ, ನಮ್ಮ ಅಂಗಳದಲ್ಲಿ

ಕುದುರೆಮುಖದ ಬೆಟ್ಟ ಹತ್ತಲು ಬರುವವರು ಬರಲಿ. ಕಾಡು ನೋಡಬೇಕೆಂಬ ಆಸೆ ತಪ್ಪಲ್ಲ. ಅವರಿಂದ ನಮ್ಮಲ್ಲಿ ಕೆಲವರಿಗೆ ನಾಲ್ಕು ಕಾಸೂ ಆಗುತ್ತಿದೆ. ಆದರೆ ಅನುಮತಿಯಿಲ್ಲವೆಂದು ತಿಳಿದೂ, ಮೇಲೆಯೇ ಗುಡಾರ ಹಾಕಿ ಬೆಂಕಿ ಕಾಯಿಸಬಹುದೆಂದು ಅತಿಥಿಗಳಿಗೆ ಆಸೆ ಹುಟ್ಟಿಸುವವರೂ ನಮ್ಮಲ್ಲೇ ಇದ್ದಾರೆ. ಇದನ್ನು ನಾವು ಒಪ್ಪಿಕೊಳ್ಳಬೇಕು.

1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲೇ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನಮ್ಮ ಹಳ್ಳಗಳಿಗೆ ಬಿಡುವುದು ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು. ಹೂಮಳೆ ಕೈಕೊಟ್ಟರೆ ಕಾಫಿಗೂ, ಬಿಸಿಲೇರಿದರೆ ಅಡಿಕೆಗೂ ಆ ನೀರೇ ಗತಿ. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಆರಿಸದ ಒಂದು ಕೊಳ್ಳಿ ಸಾಕು.

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಹಲವೆಡೆ ಚಾರಣವನ್ನೇ ತಡೆಯಿತು. ಅದೇ ವರ್ಷ ಆನ್‌ಲೈನ್ ಟಿಕೆಟ್, ಚಾರಣದ ಹಾದಿಗೆ ದಿನಕ್ಕೆ 300 ಮಂದಿಯ ಮಿತಿ ಬಂದವು. ಆದರೆ ಇಲಾಖೆಯ ಕಾವಲೊಂದರಿಂದಲೇ ಕಾಡು ಉಳಿಯದು.

ಟಿಕೆಟ್ ಇಲ್ಲದವರಿಗೆ ನಾವು ಒಳದಾರಿ ತೋರಿಸಬಾರದು. ಅತಿಥಿಗಳು ಹಗಲಲ್ಲಿ ಬೆಟ್ಟ ಹತ್ತಿ ಇಳಿಯಲಿ; ರಾತ್ರಿಯ ಗುಡಾರ, ಬೆಂಕಿ, ಬಿಸಿ ಕಾಫಿ ನಮ್ಮ ಅಂಗಳದಲ್ಲಿರಲಿ. ಹಳ್ಳ ಬತ್ತಿದ ಊರಿಗೆ ಅತಿಥಿಯೂ ಬರುವುದಿಲ್ಲ. ಬೆಳೆಗಾರ ಬಂಧುಗಳು ಯೋಚಿಸಬೇಕೆಂದು ಕೋರುತ್ತೇವೆ.