ಹೆಂಚಿನ ಆಯುಷ್ಯದ ಲೆಕ್ಕ

ಒಂದು ವಸ್ತುವಿನ ಬೆಲೆಯನ್ನು ಅಂಗಡಿಯ ಚೀಟಿ ಹೇಳುತ್ತದೆ. ಅದು ನೆಲಕ್ಕೂ ನೀರಿಗೂ ಗಾಳಿಗೂ ಹೊರಿಸಿದ ಸಾಲವನ್ನು ಹೇಳುವವರಾರು? ಆ ಸಾಲವನ್ನು ಎಣಿಸುವುದಕ್ಕಾಗಿಯೇ ಜೀವನಚಕ್ರ ಮೌಲ್ಯಮಾಪನವೆಂಬ ಶಾಸ್ತ್ರವೊಂದು ಬೆಳೆದುಬಂದಿದೆ. ಕಚ್ಚಾ ಸಾಮಗ್ರಿಯನ್ನು ಅಗೆದಲ್ಲಿಂದ ತೊಡಗಿ, ತಯಾರಿಕೆ, ಸಾಗಣೆ, ಬಳಕೆಗಳನ್ನು ದಾಟಿ, ವಸ್ತುವು ಕಸವಾಗುವವರೆಗಿನ ಹಾನಿಯನ್ನೆಲ್ಲ ಅದು ಒಂದೇ ಖಾತೆಯಲ್ಲಿ ಬರೆಯುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಇದಕ್ಕಾಗಿ 14040 ಎಂಬ ಸಂಖ್ಯೆಯ ಮಾನಕವನ್ನು 1997ರಲ್ಲಿ ಪ್ರಕಟಿಸಿ, 2006ರಲ್ಲಿ ಪರಿಷ್ಕರಿಸಿತು.

ಮಂಗಳೂರಿನವರಾದ ನಾವು ಈ ಶಾಸ್ತ್ರವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ತಲೆಯೆತ್ತಿ ಮಾಡನ್ನು ನೋಡಿದರೆ ಸಾಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ಬಯಲಿನ ಆವೆಮಣ್ಣು, ಕಾಡಿನ ಸೌದೆ, ಸಾಗಣೆಗೆ ಹೊಳೆ ಮತ್ತು ಕಡಲು ಕೈಗೆಟುಕುವಲ್ಲಿದ್ದುದರಿಂದ ಊರಿನ ಹೆಸರೇ ಹೆಂಚಿನ ಹೆಸರಾಯಿತು.

ಆದರೆ ಹೆಮ್ಮೆ ಬೇರೆ, ಲೆಕ್ಕ ಬೇರೆ. ಮಣ್ಣು ತೆಗೆದ ಗದ್ದೆಯ ಹೊಂಡವನ್ನೂ ಆವಿಗೆ ನುಂಗಿದ ಮರವನ್ನೂ ಹೆಂಚಿನ ಖಾತೆಯಲ್ಲಿ ಬರೆಯಲೇಬೇಕು. ಸುಟ್ಟ ಮಣ್ಣು ಮತ್ತೆ ಗದ್ದೆಯ ಮಣ್ಣಾಗದು. ಪಕ್ಕಾಸು, ರೀಪುಗಳ ಮರವೂ ಅಲ್ಲಿಗೇ ಸೇರತಕ್ಕದ್ದು. ತಾರಸಿಯ ಖಾತೆಯೇನೂ ಹಗುರವಲ್ಲ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಡುವಾಗ ಇಂಧನದ ಹೊಗೆಯಲ್ಲದೆ, ಕಲ್ಲಿನೊಳಗಿನಿಂದಲೇ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಉಕ್ಕು, ಮರಳುಗಳ ಲೆಕ್ಕ ಬೇರೆ.

ಹಾಗಾದರೆ ಯಾವುದು ಮೇಲು? ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂದು ಶಾಸ್ತ್ರವು ಮೊದಲು ಕೇಳುತ್ತದೆ. ಒಂದು ಹೆಂಚನ್ನು ಒಂದು ಮೂಟೆ ಸಿಮೆಂಟಿನೊಡನೆ ತೂಗಿ ಫಲವಿಲ್ಲ. ಒಂದು ಚದರ ಮೀಟರು ಜಾಗವನ್ನು, ಹಿಡಿಯಿರಿ, 50 ಮಳೆಗಾಲ ಕಾಯಲು ಯಾವುದಕ್ಕೆ ಎಷ್ಟು ತಗಲಿತೆಂದು ನೋಡಬೇಕು. ಹೆಂಚೊಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಮನೆ ಕೆಡವಿದರೂ ಗಟ್ಟಿ ಹೆಂಚು ಇನ್ನೊಂದು ಮಾಡನ್ನು ಏರಬಲ್ಲದು. ಸುಡುವಾಗಿನ ಹಾನಿ ಒಮ್ಮೆ ಆದದ್ದು. ಹೆಂಚು ಬಾಳಿದಷ್ಟೂ ವರುಷಕ್ಕೆ ಬೀಳುವ ಅದರ ಪಾಲು ಇಳಿಯುತ್ತದೆ. ತಾರಸಿಯ ಮೇಲಾದರೋ ಇನ್ನೊಂದು ಅಂತಸ್ತು ಏಳಬಹುದು. ನೆಲ ಸಾಲದ ನಗರದಲ್ಲಿ ಆ ಉಪಕಾರವನ್ನೂ ಎಣಿಸುವುದು ನ್ಯಾಯ. ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕೆಂಬ ಗಡಿಯನ್ನು ಎಳೆಯುವವನ ಕೈಯಲ್ಲಿ ಅರ್ಧ ತೀರ್ಪು ಇರುತ್ತದೆ. ಆದುದರಿಂದ, ಮಾರುವವನೇ ಬರೆದ ಲೆಕ್ಕವನ್ನು ಓದುವಾಗ ಗಡಿಯನ್ನು ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ.

ಈಗ ನಗರದಲ್ಲಿ ಹಳೆಯ ಮನೆಗಳು ಉರುಳುತ್ತಿವೆ. ಹೆಂಚಿನ ಕಾರ್ಖಾನೆಗಳು ಹಲವು ಮುಚ್ಚಿವೆ. ಹಳೆಯದನ್ನೆಲ್ಲ ಉಳಿಸಿರೆಂದು ನಾನು ಹೇಳುತ್ತಿಲ್ಲ. ಆದರೆ ಗಟ್ಟಿ ಹೆಂಚನ್ನು ಕಲ್ಲುಮಣ್ಣಿನೊಡನೆ ಹೊಂಡಕ್ಕೆ ಸುರಿದರೆ, ಎಂದೋ ತೆತ್ತ ಗದ್ದೆಯನ್ನೂ ಕಾಡನ್ನೂ ಅರ್ಧಕ್ಕೆ ಬಳಸಿ ಎಸೆದಂತೆಯೇ ಸರಿ. ಕೆಡವುವ ಮುನ್ನ ಹೆಂಚನ್ನು ಇಳಿಸಿ, ಆರಿಸಿ, ಬೇಕಾದವರಿಗೆ ಕೊಡುವುದು ಕಷ್ಟದ ಕೆಲಸವಲ್ಲ.

ಉಪಾಧ್ಯಾಯರು ತರಗತಿಯ ಮೇಜಿನ ಮೇಲೆ ಒಂದು ಹೆಂಚನ್ನಿಟ್ಟು, ಅದರ ಖಾತೆಯನ್ನು ಬರೆಯಿಸಲಿ. ಮಣ್ಣು ಎಲ್ಲಿಯದು, ಬೆಂಕಿ ಯಾವ ಮರದ್ದು, ಇನ್ನೆಷ್ಟು ಮಳೆಯನ್ನು ಇದು ತಡೆದೀತು? ಇಷ್ಟನ್ನು ಕೇಳಲು ಕಲಿತ ವಿದ್ಯಾರ್ಥಿ ನಾಳೆ ತನ್ನ ಮನೆ ಕಟ್ಟುವಾಗ ಅಗ್ಗವೆಂಬ ಒಂದೇ ಮಾತಿಗೆ ಮರುಳಾಗಲಾರನು.